ಪಾಯಿಂಟು ಒರೆಸುತ್ತಿದ್ದ ಮಾವ

ಭಾನುವಾರದ ಬೆಳಿಗ್ಗೆ ನನ್ನ ಸೋದರಮಾವ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಕೈ ಚಾಚಿ ಬಂದವರಿಗೆ ಮೊಣಕೈ ಚಾಚುತ್ತಿದ್ದರು. ಬಂದವರು ಒಂದು ಕ್ಷಣ ತಬ್ಬಿಬ್ಬಾಗಿ, ಆ ಮೊಣಕೈಯನ್ನೇ ಹಿಡಿದು ಅಲ್ಲಾಡಿಸಿ, “ಕೈಗೇನಾಯ್ತು?” ಎಂದು ಕೇಳಿದರೆ, “ಏನೂ ಆಗಿಲ್ಲ, ತೊಳೆದಿದ್ದೀನಿ” ಎನ್ನುತ್ತಿದ್ದರು, ಅದಕ್ಕಿಂತ ಹೆಚ್ಚಿನ ವಿವರಣೆ ಅವರ ಬಾಯಿಂದ ಹೊರಡುತ್ತಿರಲಿಲ್ಲ. ತೊಳೆದ ಆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಶಸ್ತ್ರಚಿಕಿತ್ಸೆಗೆ ಹೊರಟ ವೈದ್ಯರ ಹಾಗೆ ಬಾಗಿಲನ್ನು ಭುಜದಿಂದ ನೂಕಿಕೊಂಡು, ಅವರು ಮನೆಯ ಹಿಂದಿನ ಶೆಡ್ಡಿಗೆ ನಡೆಯುತ್ತಿದ್ದರು. ಶೆಡ್ಡಿನಲ್ಲಿ, ವಯಸ್ಸಿನಲ್ಲಿ ಅವರಿಗಿಂತ ಹಿರಿದಾದ, ಕಡುಹಸಿರು ಬಣ್ಣದ ಒಂದು ಕಾರು ಇತ್ತು.

ಮಾವನದು ಕನ್ನಡಕದ ಅಂಗಡಿ. ಮಾರುಕಟ್ಟೆಯ ಬೀದಿಯಲ್ಲಿ, ಬೇಕರಿಯ ಎದುರಿಗೆ, ರೈಲಿನ ಡಬ್ಬಿಯಂಥ ಉದ್ದನೆಯ ಕೋಣೆ; ಕೊನೆಯ ಗೋಡೆಯ ಮೇಲೆ ಸಾಲುಸಾಲಿಗೂ ಕಿರಿದಾಗುತ್ತ ಇಳಿಯುವ ಅಕ್ಷರಗಳ ಹಲಗೆ, ಈ ಕೊನೆಯಲ್ಲಿ ಗಿರಾಕಿಗಳು ಕೂರುವ ಎತ್ತರದ ಕುರ್ಚಿ. ಕೂತವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟನ್ನಿಟ್ಟು, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ, “ಈಗ? ಮೊದಲಿಗಿಂತ?” ಎಂದು ಕೇಳಿ ಕೇಳಿ, ಆ ಎರಡು ಪದಗಳು ಅವರ ನಾಲಗೆಗೆ ಅಂಟಿಕೊಂಡುಬಿಟ್ಟಿದ್ದವು. ಕಿಟಕಿಯ ಪರದೆ ಸರಿಸಿದರೂ “ಈಗ? ಮೊದಲಿಗಿಂತ?”, ತಲೆನೋವೆಂದು ಮಲಗಿದವರ ಹಣೆಗೆ ಮುಲಾಮು ಹಚ್ಚಿದರೂ ಅದೇ ಪ್ರಶ್ನೆ. ಗಿರಾಕಿಗಳಲ್ಲಿ ಗಾಜಿಗೆ ಬೆರಳು ತಾಗಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ನಿವೃತ್ತ ನ್ಯಾಯಾಧೀಶರು ಹೊಸ ಕನ್ನಡಕವನ್ನು ಗಾಜಿನ ಮೇಲೆಯೇ ಹೆಬ್ಬೆರಳು ತೋರುಬೆರಳಿಟ್ಟು ಎತ್ತಿಕೊಂಡಾಗ, ಮಾವ ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವ ನಾಜೂಕಿನಲ್ಲಿ ಅದನ್ನು ಬಿಡಿಸಿಕೊಂಡು, ಒರೆಸಿ, ಕಡ್ಡಿಗಳನ್ನು ಹಿಡಿದು ಮತ್ತೆ ಕೊಟ್ಟು, “ಹೀಗೆ ಹಿಡ್ಕೋಬೇಕು ಸಾರ್, ಇನ್ನೊಂದ್ಸಲ ತೋರಿಸಿ ನೋಡೋಣ” ಎಂದು ಹಿಡಿಸಿ ನೋಡಿಯೇ ಕಳಿಸಿದ್ದರು.

ನಡಿಗೆಯಲ್ಲೂ ಅವರು ಗುರುತು ಹಿಡಿಯಬಹುದಾದ ಮನುಷ್ಯ. ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಬಿರಬಿರನೆ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು, ತಲೆಯನ್ನು ಎಡಕ್ಕೆ ವಾಲಿಸಿ, ಬೀದಿಯಲ್ಲಿ ಹಾದುಹೋದ ಯಾವುದೋ ಗಾಡಿಯ ಸದ್ದಿಗೆ ಕಿವಿಗೊಡುತ್ತಿದ್ದರು. ಎದುರು ಬಂದ ಪರಿಚಿತರ ಮುಖ ನೋಡಿ, ಪಾಪ, ಇಳಿದುಹೋಗಿದ್ದಾರೆ ಎಂದು ನಾವು ನೀವು ಮರುಗುವ ಹಾಗೆ, “ಪಾಪ, ಒಂದು ಸಿಲಿಂಡರ್ ಉರೀತಿಲ್ಲ” ಎಂದು ಮರುಗಿ ಮತ್ತೆ ನಡೆಯುತ್ತಿದ್ದರು. ಬ್ಯಾಂಕಿನ ಸರತಿಯಲ್ಲಿ ಬಹಳ ಹೊತ್ತು ನಿಂತು, ಇನ್ನೇನು ತಮ್ಮ ಪಾಳಿ ಬಂತು ಎನ್ನುವಾಗ ಹೊರಗಿನಿಂದ ಅಂಥದೊಂದು ಸದ್ದು ಕೇಳಿಸಿ, ಸಾಲು ಬಿಟ್ಟು ಓಡಿಹೋಗಿ, ಗುರುತೇ ಇಲ್ಲದ ಚಾಲಕನಿಗೆ ಪ್ಲಗ್ಗು ಬಿಚ್ಚಿ ನೋಡುವಂತೆ ಹೇಳಿ ಬಂದು, ಮತ್ತೆ ಸಾಲಿನ ಬಾಲಕ್ಕೆ ನಿಂತದ್ದನ್ನು ನಾನೇ ಕಂಡಿದ್ದೇನೆ.

ಪದವಿ ಓದುವಾಗ ಕಾಲೇಜಿಗೆ ಹತ್ತಿರವೆಂದು ನಾನು ಅವರ ಮನೆಯಲ್ಲಿದ್ದೆ. ಭೌತಶಾಸ್ತ್ರ ನನ್ನ ವಿಷಯ. ಪ್ರಯೋಗಶಾಲೆಯ ಶಿಸ್ತು ಆಗಷ್ಟೇ ಮೈಗೆ ಹತ್ತುತ್ತಿದ್ದ ನನಗೆ, ಶೆಡ್ಡಿನಲ್ಲಿ ನಡೆಯುತ್ತಿದ್ದ ಭಾನುವಾರದ ಕೆಲಸ ತುಂಬ ಹಿಡಿಸಿತ್ತು. ಅಂಗಡಿಯ ಕಂದು ಬಣ್ಣದ ಹಳೆಯ ಕೋಟನ್ನು ಮಾವ ಅಲ್ಲಿ ತೊಡುತ್ತಿದ್ದರು. ತೋಳಿನ ಅಂಚು ಎಲ್ಲಿಯೂ ತಾಗಬಾರದೆಂದು ಮೊಣಕೈವರೆಗೆ ತಾವೇ ಕತ್ತರಿಸಿ ಹಾಕಿದ್ದರಿಂದ ಅದು ಕೋಟೂ ಅಲ್ಲದ ಅಂಗಿಯೂ ಅಲ್ಲದ ಒಂದು ವಿಚಿತ್ರ ವಸ್ತ್ರವಾಗಿತ್ತು. ಬಾನೆಟ್ಟನ್ನು ಹಿಂದಿನ ದಿನವೇ ಎತ್ತಿ ಕೋಲು ಕೊಟ್ಟಿರುತ್ತಿದ್ದರು, ಬೆಳಿಗ್ಗೆ ಅದರ ಜಿಡ್ಡು ಕೈಗೆ ಹತ್ತಬಾರದೆಂದು.

ಹಳೆಯ ಕಾರಿನ ಎಂಜಿನ್ನಿನೊಳಗೆ ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಕಿಡಿ ಬೇಕು. ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂದು ನಿರ್ಧರಿಸುವುದು ಡಿಸ್ಟ್ರಿಬ್ಯೂಟರ್ ಎಂಬ ಕರಿಯ ಮುಚ್ಚಳದ ಡಬ್ಬಿಯೊಳಗಿರುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಮೆಕ್ಯಾನಿಕ್ಕುಗಳು ಅವನ್ನು ಪಾಯಿಂಟು ಎನ್ನುತ್ತಾರೆ. ಬೇಳೆಯಷ್ಟೇ ಗಾತ್ರ. ಒಂದು ನಿಂತಲ್ಲೇ ನಿಂತಿರುತ್ತದೆ. ಇನ್ನೊಂದು ಸ್ಪ್ರಿಂಗಿನ ತೋಳಿನ ಮೇಲೆ ಬಂದು ಅದಕ್ಕೆ ತಾಗಿ, ಮತ್ತೆ ಸರಿಯುತ್ತದೆ. ತಾಗಿರುವಷ್ಟು ಹೊತ್ತು ವಿದ್ಯುತ್ತು ಕಾಯಿಲಿನ ಸುರುಳಿಯಲ್ಲಿ ಹರಿದು ಕಾಂತಶಕ್ತಿ ಕೂಡಿಕೊಳ್ಳುತ್ತದೆ. ಬಿಲ್ಲೆಗಳು ಬಿಟ್ಟ ಕ್ಷಣ ಅದು ಕುಸಿದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಈ ಎರಡು ಬಿಲ್ಲೆಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಜಿಡ್ಡು ಕೂತರೂ ಸಾಕು, ಅವು ತಾಗಿಯೂ ತಾಗದಂತಾಗುತ್ತವೆ. ನಿಂತೇ ಇರುವ ಗಾಡಿಯಲ್ಲಿ ಗಾಳಿಯ ತೇವಕ್ಕೇ ಒಂದು ಪೊರೆ ಬೆಳೆದುಬಿಡುತ್ತದೆ.

ಮಾವ ಮುಚ್ಚಳದ ಕ್ಲಿಪ್ಪುಗಳನ್ನು ಬಿಚ್ಚಿ, ಎಂಜಿನ್ನನ್ನು ಮುಂಭಾಗದ ಹ್ಯಾಂಡಲಿನಿಂದ ತುಸು ತಿರುಗಿಸಿ, ಪಾಯಿಂಟು ಪೂರ್ತಿ ಬಾಯಿಬಿಟ್ಟಲ್ಲಿಗೆ ನಿಲ್ಲಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗುತ್ತಿದ್ದರು. ಒಂದು ಬಿಲ್ಲೆಯ ಲೋಹ ಕಣಕಣವಾಗಿ ಎದ್ದು ಇನ್ನೊಂದರ ಮೇಲೆ ಕೂತು, ವರ್ಷಗಳಲ್ಲಿ ಇಲ್ಲಿ ಕುಳಿ, ಅಲ್ಲಿ ದಿಬ್ಬ ಆಗಿರುತ್ತದೆ. ದಿಬ್ಬ ಮಿತಿಮೀರಿದ್ದರೆ ಮಾತ್ರ ತೆಳ್ಳನೆಯ ಅರದಿಂದ ಒಂದೆರಡು ಸಲ ಉಜ್ಜಿ ಬಿಡುತ್ತಿದ್ದರು. ಆಮೇಲೆ ಬಿಲ್ಲೆಗಳನ್ನು ಕೂಡಿಸಿ ಅವುಗಳ ನಡುವೆ ಬಿಳಿಯ ರಟ್ಟಿನ ಪಟ್ಟಿಯೊಂದನ್ನು ತೂರಿಸಿ ಮೆಲ್ಲಗೆ ಎಳೆಯುವುದು. ಪಟ್ಟಿಯ ಮೇಲೆ ಬೂದು ಗೆರೆ ಮೂಡಿದರೆ ಹೊಸ ಜಾಗದಲ್ಲಿ ಇನ್ನೊಮ್ಮೆ. ಬೆಳ್ಳಗೆ ಹೋಗಿ ಬೆಳ್ಳಗೇ ಬಂದರೆ ಮುಗಿಯಿತು. ಕೊನೆಗೆ ತೆರಪನ್ನು ಅಳೆಯುವ ಉಕ್ಕಿನ ತಗಡು. ಅದು ತೂರಿದ್ದೂ ಗೊತ್ತಾಗಬೇಕು, ತಡೆದದ್ದೂ ಗೊತ್ತಾಗಬೇಕು. ಪಾಯಿಂಟನ್ನು ತಳ್ಳುವ ಉಬ್ಬಿಗೆ ಹಚ್ಚುವ ಗ್ರೀಸನ್ನು ಬೆಂಕಿಕಡ್ಡಿಯ ತುದಿಯಲ್ಲಿ ಹಚ್ಚುತ್ತಿದ್ದರು, ಆ ಕಡ್ಡಿಯನ್ನು ಕೂಡಲೇ ಶೆಡ್ಡಿನಾಚೆ ಎಸೆಯುತ್ತಿದ್ದರು. ಬೆರಳು ಎಲ್ಲಿಯೂ ಇಲ್ಲ. ಇಷ್ಟೆಲ್ಲ ತೊಳೆದ ಕೈಗೆ ಮಾಡಲು ಏನೂ ಉಳಿಯದಂತೆ ಅವರು ಆ ಕೆಲಸವನ್ನು ಕಟ್ಟಿಕೊಂಡಿದ್ದರು.

ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಎತ್ತರದ ಆಳು, ಗಟ್ಟಿ ದನಿ, ನಕ್ಕರೆ ಪೂರ್ತಿ ನಗುವವರು. ಭಾನುವಾರ ಯಾರಾದರೂ ಮಾವನನ್ನು ಕೇಳಿಕೊಂಡು ಬಂದರೆ, “ಇದ್ದಾರೆ, ಇದ್ದಾರೆ, ಅವರ ಮಹಾರಾಣಿ ಬಾಯೊಳಗೆ ತಲೆ ಇಟ್ಕೊಂಡು ನಿಂತಿದ್ದಾರೆ, ಬಾಯಿ ಮುಚ್ಚೋದ್ರೊಳಗೆ ಹೋಗಿ ಮಾತಾಡಿಸ್ಕೊಳ್ಳಿ” ಎನ್ನುತ್ತಿದ್ದರು. ಆದರೆ ಶೆಡ್ಡಿನ ಹೊಸ್ತಿಲನ್ನು ತಾವು ದಾಟುತ್ತಿರಲಿಲ್ಲ. ಟೀ ಆಯಿತೆಂದು ಕೂಗುವುದಿದ್ದರೂ ಅಡುಗೆಮನೆಯ ಕಿಟಕಿಯಿಂದಲೇ.

ಮೊದಮೊದಲು ಮಾವ ಒರೆಸಲು ವಿಸಿಟಿಂಗ್ ಕಾರ್ಡುಗಳನ್ನು ಬಳಸುತ್ತಿದ್ದರಂತೆ. ಯಾರೇ ಕಾರ್ಡು ಕೊಟ್ಟರೂ ಹೆಸರು ಹುದ್ದೆ ನೋಡುವ ಮೊದಲು ಅಂಚು ಸವರಿ, ತಿರುಗಿಸಿ, ಹಿಂಬದಿಯಲ್ಲೂ ಅಚ್ಚಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು ಎಂದು ಬೇಕರಿಯವರು ಹೇಳಿ ನಗುತ್ತಿದ್ದರು. ನಾನಿದ್ದ ಕಾಲಕ್ಕೆ ಆ ಪಾಡು ಇರಲಿಲ್ಲ. ಶನಿವಾರ ಸಂಜೆ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಹೊರಗಿನಿಂದ ಕೈಗೆ ಸಿಗುವ ಹಾಗೆ, ಮಡಿಸಿದ ಬಟ್ಟೆಯೊಂದರಲ್ಲಿ ಬಿಳಿ ರಟ್ಟಿನ ಪಟ್ಟಿಗಳಿರುತ್ತಿದ್ದವು. ಅಂಗಿಯ ಡಬ್ಬಗಳ ಒಳರಟ್ಟು, ಹೊಲಿಗೆಯ ಕತ್ತರಿಯಲ್ಲಿ ಕತ್ತರಿಸಿದ್ದು, ಒಂದರ ಅಗಲ ಇನ್ನೊಂದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಟ್ಟೆ ಎಂದು ಅತ್ತೆ ಹೇಳಿದ್ದಿಲ್ಲ. ತೆಗೆದುಕೊಂಡೆ ಎಂದು ಮಾವ ಹೇಳಿದ್ದಿಲ್ಲ.

ಒಂದು ಭಾನುವಾರ, ವಿದ್ಯುತ್ಪ್ರೇರಣೆಯ ಪಾಠ ಆಗಷ್ಟೇ ಮುಗಿದಿದ್ದ ಹುಮ್ಮಸ್ಸಿನಲ್ಲಿ, ನಾನು ಮಡ್‌ಗಾರ್ಡಿಗೆ ಒರಗಿ ಹೇಳಿದೆ: “ಮಾವ, ಸೋಜಿಗ ನೋಡಿ. ಇವು ಕೂಡಿದಾಗ ಕಿಡಿ ಬರಲ್ಲ, ಬೇರೆಯಾದಾಗ ಬರುತ್ತೆ.”

“ಅರ್ಧ ಹೇಳಿದೆ,” ಎಂದರು ಮಾವ, ಭೂತಗನ್ನಡಿ ತೆಗೆಯದೆ. “ಸಾಕಷ್ಟು ಹೊತ್ತು ಕೂಡಿರದೇ ಇದ್ರೆ, ಬೇರೆಯಾದಾಗಲೂ ಏನೂ ಬರಲ್ಲ.”

“ಅದೂ ಪುಸ್ತಕದಲ್ಲಿದೆ.”

“ಇರುತ್ತೆ, ಇರುತ್ತೆ. ಆ ಪಟ್ಟಿ ಕೊಡು. ತುದಿ ಹಿಡೀಬೇಡ, ಅಂಚು ಹಿಡಿ.”

ಕಿಟಕಿಯಿಂದ ಅತ್ತೆಯ ದನಿ ಬಂತು. “ಮಾವ ಸೊಸೆ ಪಾಠ ಮಾಡ್ತಿದ್ದೀರೋ, ಕೆಲಸ ಮಾಡ್ತಿದ್ದೀರೋ? ಟೀ ಮೇಲೆ ಕೆನೆ ಕಟ್ಟಿ ಅದರ ಮೇಲೆ ಇರುವೆ ನಡೀತಿದೆ!”

ಒರೆಸುವುದು ಮುಗಿದ ಮೇಲೆ ಮಾವ ಕಾರನ್ನು ಹೊರತೆಗೆದು ಮಾರುಕಟ್ಟೆಯ ಬೀದಿ, ಅಂಚೆಕಚೇರಿಯ ತಿರುವು, ಕೆರೆಯ ದಂಡೆ ಸುತ್ತಿಕೊಂಡು ಬರುತ್ತಿದ್ದರು. ಎಂಜಿನ್ನಿನ ಸದ್ದು ಅಷ್ಟು ಹದವಾಗಿರುತ್ತಿತ್ತೆಂದರೆ, ನಿಂತಾಗ ಅದು ಚಾಲೂ ಇದೆಯೋ ಇಲ್ಲವೋ ಎಂದು ಗೇರಿನ ಹಿಡಿ ಮುಟ್ಟಿ ನೋಡಬೇಕಾಗುತ್ತಿತ್ತು. ಮೊದಲ ಸಲ ನಾನು ಜೊತೆಗೆ ಹೊರಟು ಮುಂದಿನ ಬಾಗಿಲಿಗೆ ಕೈ ಹಾಕಿದಾಗ ಅವರು, “ಹಿಂದೆ ಕೂತ್ಕೋಮ್ಮ, ಆ ಸೀಟಿನ ಸ್ಪ್ರಿಂಗ್ ಸರಿ ಇಲ್ಲ” ಎಂದರು. ಆ ಸೀಟಿನ ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಕೈಯಿಂದ ಒತ್ತಿ ನೋಡಿದ್ದೇನೆ. ಅದರ ಚರ್ಮಕ್ಕೆ ಎಣ್ಣೆ ಕುಡಿಸಿ, ಬ್ರಷ್ಷಿನಿಂದ ಮೂಲೆಮೂಲೆಯ ಧೂಳು ತೆಗೆದು, ಆಗ ತಾನೇ ಯಾರೋ ಬಂದು ಕೂರುವವರಿದ್ದಾರೆ ಎಂಬಂತೆ ಇಟ್ಟಿದ್ದರು. ಅಲ್ಲಿ ಮಾತ್ರ ಯಾರನ್ನೂ ಕೂರಿಸುತ್ತಿರಲಿಲ್ಲ.

ಅದರ ಕಥೆಯನ್ನು ಅತ್ತೆ ನನಗೆ ಹೇಳಿದ್ದು ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕುತ್ತ, ತಲೆ ಎತ್ತದೆ.

ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದ ಕಾಲ. ತವರಿನ ಊರು ಅರ್ಧ ದಿನದ ದಾರಿ. ಅಮ್ಮ ನೋಡಬೇಕೆನ್ನುತ್ತಿದ್ದಾಳೆ, ತಡ ಮಾಡಬೇಡ ಎಂದು ಅಕ್ಕ ಹೇಳಿ ಕಳಿಸಿದರು. ಬೆಳಿಗ್ಗೆ ಬಸ್ಸಿಗೆ ಹೋಗುತ್ತೇನೆಂದ ಅತ್ತೆಯನ್ನು, “ಬಸ್ಸು ಹತ್ತು ಕಡೆ ನಿಲ್ಲುತ್ತೆ, ನಾನು ಕರ್ಕೊಂಡು ಹೋಗ್ತೀನಿ” ಎಂದು ಮಾವನೇ ತಡೆದರು. ಆಗ ಆ ಕಾರು ಕೊಂಡು ಹೆಚ್ಚು ದಿನವಾಗಿರಲಿಲ್ಲ. ದಾರಿಯಲ್ಲಿ ಏನೂ ಆಗಬಾರದೆಂದು ಹಿಂದಿನ ಸಂಜೆ ಪಾಯಿಂಟು ಉಜ್ಜಿ, ಕನ್ನಡಿಯ ಹಾಗೆ ಹೊಳೆಯಿಸಿದರು; ಹೊಳಪು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಗ್ರೀಸು ಹಚ್ಚಿದ ಅದೇ ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. ಲೋಕದ ಬೆರಳುಗಳನ್ನೆಲ್ಲ ಗಾಜಿನಿಂದ ದೂರವಿಡುತ್ತಿದ್ದ ಮನುಷ್ಯ.

ಅರ್ಧ ದಾರಿಯಲ್ಲಿ, ಸುತ್ತ ಬಯಲು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಕಾರು ಕೆಮ್ಮಿ ನಿಂತಿತು. ಮಾವ ಪೆಟ್ರೋಲಿನ ನಳಿಕೆ ಬಿಚ್ಚಿದರು. ಬ್ಯಾಟರಿಯ ತಂತಿ ಉಜ್ಜಿದರು. ಪ್ಲಗ್ಗುಗಳನ್ನು ಒಂದೊಂದಾಗಿ ತೆಗೆದು ಹಾಕಿದರು. ಪಾಯಿಂಟನ್ನು ಮಾತ್ರ ನೋಡಲಿಲ್ಲ. ಅದನ್ನು ನಿನ್ನೆ ತಾನೇ ತಾವೇ ಕೈಯಾರೆ ಮಾಡಿದ್ದರಲ್ಲ! ಅತ್ತೆ ಬಾಗಿಲು ತೆರೆದುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು.

“ಅವರ ಮುಖನಾದ್ರೂ ಕಾಣ್ತಿದ್ರೆ ಏನಾದ್ರೂ ಹೇಳ್ತಿದ್ನೋ ಏನೋ,” ಎಂದರು ಅತ್ತೆ. “ಬಾನೆಟ್ ಎತ್ತಿತ್ತು. ನಂಗೆ ಕಾಣ್ತಿದ್ದಿದ್ದು ಬರೀ ಹಸಿರು ತಗಡು.”

ಅಷ್ಟರಲ್ಲಿ ಬಸ್ಸು ಬಂತು. ಬೆಳಿಗ್ಗೆ ಬೇಡವೆಂದು ಬಿಟ್ಟಿದ್ದ ಅದೇ ಬಸ್ಸು. ಅತ್ತೆ ಎದ್ದು ಚೀಲ ತೆಗೆದುಕೊಂಡರು; ಡ್ರೈವರು ನಿಧಾನಿಸಿದ. ತಗಡಿನ ಆಚೆಯಿಂದ ಮಾವ, “ಆಯ್ತು, ಇನ್ನೇನು ಆಗೇಹೋಯ್ತು, ಐದೇ ನಿಮಿಷ” ಎಂದರು. ಅತ್ತೆ ಕೈಯಾಡಿಸಿ ಬಸ್ಸನ್ನು ಕಳಿಸಿದರು.

ಮುಚ್ಚಳ ತೆಗೆದು, ಪಾಯಿಂಟಿನ ಮೇಲೆ ಜಿಡ್ಡು ಸುಟ್ಟು ಕರಿಯ ಪೊರೆ ಕಟ್ಟಿದ್ದನ್ನು ಮಾವ ಕಂಡದ್ದು ಬಿಸಿಲು ಇಳಿದ ಮೇಲೆ. ಒರೆಸಿದ ಕೂಡಲೇ ಕಾರು ಹೊರಟಿತು. ತವರುಮನೆ ಮುಟ್ಟಿದಾಗ ಬಾಗಿಲಲ್ಲಿ ಚಪ್ಪಲಿಗಳು ತುಂಬಿದ್ದವು. ಅದನ್ನು ನೋಡಿಯೇ ಅತ್ತೆಗೆ ತಿಳಿಯಿತು.

“ಬೇಕಂತ ಮಾಡಿದ್ರಾ? ಇಲ್ಲ. ನಂಗೆ ಗೊತ್ತಿಲ್ವಾ?” ಸೀಮೆಸುಣ್ಣ ಬಟ್ಟೆಯ ಮೇಲೆ ಅಲುಗದೆ ಒಂದು ಗೆರೆ ಎಳೆಯಿತು. “ಗೊತ್ತಿರೋದು ಬೇರೆ ಕಣೇ, ಹೋಗಿ ಆ ಸೀಟಲ್ಲಿ ಕೂರೋದು ಬೇರೆ.”

ಮಾವನನ್ನು ಅವರು ಒಂದು ದಿನವೂ ದೂರಲಿಲ್ಲ. ನಗುವುದು, ಕೂಗುವುದು, ಜೊತೆಯಲ್ಲಿ ಊಟ, ಸಂಜೆಯ ನಡಿಗೆ, ಎಲ್ಲ ಮೊದಲಿನ ಹಾಗೇ. ಆದರೆ ತವರಿಗೆ ಹೊರಟಾಗ ಬಸ್ಸಿಗೆ ಹೋಗುತ್ತಿದ್ದರು. ನಿಲ್ದಾಣದವರೆಗೂ ಕಾರಿಗೆ ಹತ್ತುತ್ತಿರಲಿಲ್ಲ. ಮಾವ ಚೀಲ ಹಿಡಿದು ನಡೆದೇ ಹೋಗಿ ಬಸ್ಸು ಹತ್ತಿಸಿ, ಅದು ತಿರುವಿನಲ್ಲಿ ಮರೆಯಾಗುವ ತನಕ ತಲೆ ಎಡಕ್ಕೆ ವಾಲಿಸಿ ಸದ್ದು ಕೇಳುತ್ತ ನಿಂತಿದ್ದು, ಬರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ: ಅತ್ತೆ ಇನ್ನೊಂದು ಸಲ ಆ ಸೀಟಿನಲ್ಲಿ ಕೂತು, ಅದೇ ದಾರಿಯಲ್ಲಿ, ಎಲ್ಲಿಯೂ ನಿಲ್ಲದೆ ಹೋಗಿ ಮುಟ್ಟುವುದು. ಬಾ ಎಂದು ಕರೆಯುವ ಬಾಯಿ ಅವರಿಗಿರಲಿಲ್ಲ. ಕರೆಯುವ ಹಕ್ಕು ತಮಗಿಲ್ಲವೆಂದು ಅವರಾಗಿಯೇ ತೀರ್ಮಾನಿಸಿಕೊಂಡಿದ್ದರು. ಆದ್ದರಿಂದ ಕಾಯುತ್ತಿದ್ದರು, ಕಾಯುವಾಗ ಕೈಗೆ ಕೆಲಸ ಬೇಕಲ್ಲ, ಪಾಯಿಂಟು ಒರೆಸುತ್ತಿದ್ದರು.

ಇದನ್ನೆಲ್ಲ ತಿಳಿದೂ ನಾನು, ಓದು ಮುಗಿಸಿ ಪರೀಕ್ಷಣಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಅವರಿಗೊಂದು ಎಲೆಕ್ಟ್ರಾನಿಕ್ ಕಿಟ್ಟು ತಂದುಕೊಟ್ಟೆ. ಪಾಯಿಂಟಿನ ಜಾಗದಲ್ಲಿ ಅದನ್ನು ಕೂರಿಸಿದರೆ ತಾಗುವುದೂ ಇಲ್ಲ, ಸವೆಯುವುದೂ ಇಲ್ಲ, ಒರೆಸುವ ಕೆಲಸವೇ ಇಲ್ಲ. ಬೇಕರಿಯವರೂ ಅವತ್ತು ಅಂಗಡಿಯಲ್ಲಿದ್ದರು.

“ಹಾಕಿಸಿಬಿಡಿ ಸ್ವಾಮಿ,” ಎಂದರು ಅವರು. “ಭಾನುವಾರ ನಮ್ಮಂಥವರ ಕೈ ಕುಲುಕಬಹುದು. ಎಷ್ಟು ವರ್ಷದಿಂದ ನಿಮ್ಮ ಮೊಣಕೈ ನೋಡೋದು?”

ಮಾವ ಕಿಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕೂ ಕಡೆ ನೋಡಿದರು. ಕರಿಯ ಪ್ಲಾಸ್ಟಿಕ್ಕಿನ ಮುದ್ದೆ, ಎರಡು ತಂತಿ. “ಚೆನ್ನಾಗಿದೆ. ಇದು ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ಹೇಗೆ ಕಾಣುತ್ತೆ?”

“ಕಾಣಲ್ಲ ಮಾವ. ಕೆಡೋದೇ ಕಡಿಮೆ. ಕೆಟ್ರೆ ಬದಲಾಯಿಸೋದು.”

“ಹಾಗಾದ್ರೆ ನನ್ನ ತಪ್ಪು ಅಂತ ಏನೂ ಇರಲ್ಲ.”

“ಇರಲ್ಲ.”

“ಅದು ಸರಿಹೋಗಲ್ಲ ಬಿಡಮ್ಮ,” ಎಂದು ಅದನ್ನು ಡಬ್ಬಿಯೊಳಗಿಟ್ಟು, ಒಡೆದ ಚೌಕಟ್ಟುಗಳನ್ನಿಡುವ ಮೇಲಿನ ಅರೆಗೆ ಸೇರಿಸಿದರು. ಬೇಕರಿಯವರು ಹಣೆ ಚಚ್ಚಿಕೊಂಡು ಹೋದರು.

ಕೆಲವು ವರ್ಷಗಳ ಮೇಲಿನ ಮಾತು. ರಜೆಗೆಂದು ನಾನು ಹೋಗಿದ್ದ ಒಂದು ಭಾನುವಾರ ಬೆಳಿಗ್ಗೆ ಅತ್ತೆಗೆ ಫೋನು ಬಂತು. ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ, ಸಂಜೆ ಶಸ್ತ್ರಚಿಕಿತ್ಸೆ, ವಯಸ್ಸಾದ ಹೃದಯ, ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು, ಒಳಗೆ ಹೋಗುವ ಮೊದಲು ತಂಗಿಯನ್ನು ನೋಡಬೇಕಂತೆ. ಅತ್ತೆ ಚೀಲಕ್ಕೆ ಎರಡು ಬಟ್ಟೆ ತುರುಕಿಕೊಂಡು, ಮಾವನಿಗೂ ಹೇಳದೆ, ನನ್ನನ್ನು ಎಳೆದುಕೊಂಡು ನಿಲ್ದಾಣಕ್ಕೆ ಹೊರಟರು. ಬೆಂಚುಗಳ ಮೇಲೆ ಜನ ಮಲಗಿದ್ದರು. ಬಸ್ಸಿನವರ ಮುಷ್ಕರ, ಒಂದೂ ಹೊರಡುವಂತಿರಲಿಲ್ಲ.

ಮನೆಗೆ ವಾಪಸು ಬಂದು ನಾನು ಟ್ಯಾಕ್ಸಿ ಕರೆಯಲು ಫೋನು ತೆಗೆದೆ. ಅತ್ತೆ ಅಂಗಳದಲ್ಲಿ ನಿಂತು ಶೆಡ್ಡಿನ ಕಡೆ ನೋಡುತ್ತಿದ್ದರು. ನೋಡುತ್ತಲೇ ನನ್ನ ಕೈಯನ್ನು ಕೆಳಗೆ ಒತ್ತಿದರು.

“ಇರಲಿ ಬಿಡು.”

ಶೆಡ್ಡಿನಲ್ಲಿ ಬಾನೆಟ್ಟು ಎತ್ತಿತ್ತು. ಮಾವ ಆಗ ತಾನೇ ಕೈ ತೊಳೆದು ಬಂದು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕ್ಲಿಪ್ಪು ಬಿಚ್ಚುವುದರಲ್ಲಿದ್ದರು. ಅತ್ತೆ ಹೊಸ್ತಿಲು ದಾಟಿ ಒಳಗೆ ಹೋದರು. ಎಷ್ಟೋ ವರ್ಷದ ಮೇಲೆ ಅವರನ್ನು ಅಲ್ಲಿ ಕಂಡ ಮಾವನ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷವಲ್ಲ, ಭಯ.

“ಅಕ್ಕ ಬಿದ್ದಿದ್ದಾಳಂತೆ. ಸಂಜೆ ಆಪರೇಷನ್. ಬಸ್ಸಿಲ್ಲ,” ಎಂದರು ಅತ್ತೆ. “ನಿಮ್ಮ ಗಾಡಿ ಹೊರಡುತ್ತಾ?”

“ಹೊರಡುತ್ತೆ,” ಎಂದರು ಮಾವ. ಕೈ ಕ್ಲಿಪ್ಪಿನ ಕಡೆಗೆ ಹೋಯಿತು. “ಒಂದೇ ನಿಮಿಷ ತಡಿ, ಪಾಯಿಂಟ್ ಒಂದ್ಸಲ ನೋಡಿ…”

“ಮುಟ್ಟಬೇಡಿ.”

“ಹಾಗಲ್ಲ, ಒಂದು ವಾರ ನಿಂತಿದೆ, ಸುಮ್ನೆ ಪಟ್ಟಿ ಎಳೆದು…”

“ರೀ. ಇವತ್ತು ಅದನ್ನ ಮುಟ್ಟಬೇಡಿ. ಹೇಗಿದೆಯೋ ಹಾಗೇ ಹೊರಡಿ.”

ಮಾವ ನಿಂತೇ ಇದ್ದರು. ಅಷ್ಟು ಚೊಕ್ಕಟವಾದ ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತೋಚದಿದ್ದದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವನ್ನು ಇಳಿಸಿ, ಒಂದರಿಂದ ಅತ್ತೆಯ ಚೀಲ ತೆಗೆದುಕೊಂಡು, ಇನ್ನೊಂದರಿಂದ ಬಾನೆಟ್ಟಿನ ಕೋಲು ತೆಗೆದರು.

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಕೂತು, ಒಮ್ಮೆ ಅತ್ತಿತ್ತ ಸರಿದು, “ಇದೇನು, ಹೊಸದರ ಹಾಗಿದೆ” ಎಂದರು. ಹಿಂದಿನ ಸೀಟಿನಿಂದ ನನಗೆ ಮಾವನ ಕಿವಿ ಕೆಂಪಾದದ್ದು ಮಾತ್ರ ಕಂಡಿತು. ಕೀಲಿಯನ್ನು ಎರಡನೆಯ ಸಲ ತಿರುಗಿಸಿದಾಗ ಕಾರು ಚಾಲೂ ಆಯಿತು. ಮಾರುಕಟ್ಟೆಯ ಬೀದಿಯಲ್ಲಿ ಬೇಕರಿಯವರು ಟ್ರೇ ಹಿಡಿದು ಹೊರಬಂದವರು, ಮುಂದಿನ ಸೀಟು ನೋಡಿ, ಟ್ರೇಯನ್ನು ಸೊಂಟಕ್ಕೆ ಇಳಿಸಿ, “ಹೊಸ ಜೋಡಿ ಎಲ್ಲಿಗೆ ಹೊರಟಿತು?” ಎಂದು ಕೂಗಿದರು. ಅತ್ತೆ ಕಿಟಕಿಯಿಂದ ಕೈ ಚಾಚಿ ಒಂದು ಬನ್ನು ಎತ್ತಿಕೊಂಡರು.

ಊರು ದಾಟಿದೆವು. ಗುಡ್ಡದ ಏರಿನಲ್ಲಿ ಎಂಜಿನ್ನು ಒಂದು ಸಲ, ಒಂದೇ ಒಂದು ಸಲ, ಮಿಡಿತ ತಪ್ಪಿಸಿತು. ಮೂವರಿಗೂ ಕೇಳಿಸಿತು. ಮಾವನ ತಲೆ ಎಡಕ್ಕೆ ವಾಲಿತು. ಅತ್ತೆಯ ಕೈ ಬಾಗಿಲ ಹಿಡಿಗೆ ಹೋಗಿ ಅಲ್ಲೇ ಕೂತಿತು. ಪರೀಕ್ಷಣಾಲಯದಲ್ಲಿ ಕೆಲಸ ಮಾಡುವ ನಾನು, ತೇವದ ಪೊರೆ ಕಿಡಿಗೇ ಸುಟ್ಟುಹೋಗುವುದುಂಟು ಎಂದು ತರ್ಕಿಸುತ್ತ ಉಸಿರು ಹಿಡಿದು ಕೂತೆ. ಏರು ಮುಗಿಯುವ ತನಕ ಮತ್ತೆ ತಪ್ಪಲಿಲ್ಲ. ಇಳಿಜಾರಿನಲ್ಲಿ ಆ ಹಳೆಯ ನಯವಾದ ಗುನುಗು ತಾನಾಗಿ ಮರಳಿತು.

ಬಯಲಿನಲ್ಲಿ ಈಗ ಮನೆಗಳೆದ್ದಿದ್ದವು.

“ಇಲ್ಲೇ ಅಲ್ವಾ?” ಎಂದರು ಅತ್ತೆ.

“ಇನ್ನೂ ಮುಂದೆ. ಆ ಕಲ್ಲಿನ ಹತ್ರ.”

ಕಲ್ಲು ಬಂತು, ಹೋಯಿತು. ಅತ್ತೆ ಕುತ್ತಿಗೆ ತಿರುಗಿಸಿ ಅದನ್ನು ನೋಡಿದರು. ಮಾವ ನೋಡಲಿಲ್ಲ, ಎರಡೂ ಕೈಗಳಲ್ಲಿ ಚಕ್ರ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಬನ್ನನ್ನು ಮುರಿದು ಅರ್ಧ ಅವರಿಗೆ ಕೊಟ್ಟರು.

ಆಸ್ಪತ್ರೆಯಲ್ಲಿ ಅಕ್ಕನನ್ನು ಗಾಲಿಮಂಚಕ್ಕೆ ಬದಲಿಸುತ್ತಿದ್ದರು. “ಬಂದ್ಯಾ? ಬಸ್ಸಿಲ್ಲ ಅಂದ್ರು. ಯಾರ ಜೊತೆ ಬಂದೆ?” ಎಂದರು ಅವರು.

“ಇವರ ಜೊತೆ,” ಎಂದರು ಅತ್ತೆ.

ಬಾಗಿಲ ಬಳಿ ನಿಂತಿದ್ದ ಮಾವ ಆಗ ಏನೋ ನೆನಪಾದವರಂತೆ ಹೊರಗೆ ಹೋದರು. ಹುಡುಕಿಕೊಂಡು ಹೋದರೆ, ಆಸ್ಪತ್ರೆಯ ಆವರಣದಲ್ಲಿ, ಕಾರಿನ ಪಕ್ಕದಲ್ಲಿ, ಮಡ್‌ಗಾರ್ಡಿನ ಮೇಲೆ ಅಂಗೈ ಊರಿಕೊಂಡು ನಿಂತಿದ್ದರು. ನಾನು ಮಾತಾಡಿಸದೆ ಮರಳಿದೆ.

ಅಕ್ಕ ಚೇತರಿಸಿಕೊಂಡರು. ಅತ್ತೆ ಅಲ್ಲೇ ಉಳಿದು, ಅವರು ಕೋಲು ಹಿಡಿದು ನಡೆಯುವಂತಾದ ಮೇಲೆ ಮನೆಗೆ ಬಂದರು. ಬಂದದ್ದು ಬಸ್ಸಿನಲ್ಲಿ. ಮುಷ್ಕರ ಮುಗಿದಿತ್ತು, ಕರೆಯಲು ಬರಲೇ ಎಂದು ಮಾವ ಕೇಳಿರಲಿಲ್ಲ, ಬನ್ನಿ ಎಂದು ಅತ್ತೆ ಹೇಳಿರಲಿಲ್ಲ. ಮುಂದಿನ ಭಾನುವಾರ ನಾನು ಹೋದಾಗ ಮಾವ ಎಂದಿನಂತೆ ನಲ್ಲಿಯಡಿ ಕೈ ಉಜ್ಜಿಕೊಳ್ಳುತ್ತಿದ್ದರು.

“ಇನ್ನೂ ಯಾಕೆ ಮಾವ?” ಎಂದು ಕೇಳಿದೆ. “ಅತ್ತೆ ಕೂತಾಯ್ತು, ಹೋಗಿ ಮುಟ್ಟಿಯೂ ಆಯ್ತು. ಇನ್ನು ಹದಿನೈದು ದಿನಕ್ಕೊಮ್ಮೆ ಮಾಡಿದ್ರೆ ಸಾಲ್ದಾ?”

ಅವರು ಕೈಯ ನೀರು ಕೊಡವಿದರು.

“ಮೊದಲು ಇವಳು ಕೇಳೋದೇ ಇಲ್ಲ ಅಂತ ಗೊತ್ತಿತ್ತು, ಧೈರ್ಯವಾಗಿದ್ದೆ,” ಎಂದರು. “ಈಗ ಹಾಗಲ್ಲಮ್ಮ. ಕೇಳಿದ್ರೂ ಕೇಳಬಹುದು.”

ಇಂಥವರನ್ನು ಆಮೇಲೆ ನಾನು ಬೇರೆ ಬೇರೆ ಕಡೆ ಕಂಡಿದ್ದೇನೆ. ಯಾರೂ ನುಡಿಸದ ವಾದ್ಯಕ್ಕೆ ವಾರವಾರವೂ ಶ್ರುತಿ ಕೂಡಿಸುವವರು, ಯಾರೂ ಇಲ್ಲದ ಮನೆಯ ಗಡಿಯಾರಕ್ಕೆ ತಪ್ಪದೆ ಕೀಲಿ ಕೊಡುವವರು, ಬಳಸದ ಕೋಣೆಯ ದೀಪವನ್ನು ಆಗಾಗ ಹಚ್ಚಿ ನೋಡುವವರು. ಹಳೆಯ ಕಾಲಕ್ಕೆ ಅಂಟಿಕೊಂಡವರೆಂದು ಜನ ಅವರನ್ನು ನೋಡಿ ಮುಗುಳುನಗುತ್ತಾರೆ; ಅಂಥವರ ಕಣ್ಣು ನೆಟ್ಟಿರುವುದು ಇನ್ನೂ ಬಾರದ ಒಂದು ದಿನದ ಮೇಲೆ. ಕ್ಷಮೆಯನ್ನು ಅವರು ಬಾಯಿಬಿಟ್ಟು ಕೇಳುವವರಲ್ಲ, ಕೊಟ್ಟರೂ ನಂಬಿ ತೆಗೆದುಕೊಳ್ಳುವವರಲ್ಲ. ಕರೆದಾಗ ತಡವಾಗಬಾರದು, ಅಷ್ಟೇ ಅವರ ಆಸೆ. ಆ ಆಸೆಯಲ್ಲಿ ಆಯುಷ್ಯವನ್ನೆಲ್ಲ ಒರೆಸಿ ಹೊಳಪಿಟ್ಟುಕೊಂಡಿರುತ್ತಾರೆ. ಕರೆಯಬೇಕಾದವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ತಿಳಿದೂ, ಕಿಟಕಿಯಾಚೆ ನಿಂತು ಆ ಸದ್ದನ್ನು ಕೇಳುತ್ತ, ಅವರೂ ಬೇಗ ಕರೆಯುವುದಿಲ್ಲ.